ಹತ್ತಿರದ ಮುಬೆಂಡೆ, ದೂರದ ಮಸಾಕಾ

ನಾನು ದಿನವೂ ಫೋರ್ಟ್ ಪೋರ್ಟಲ್‌ಗೆ ಹೊರಡುತ್ತೇನೆ. ಹೋಗುವುದಿಲ್ಲ, ಹೊರಡುತ್ತೇನೆ ಅಷ್ಟೆ. ಕಂಪಾಲಾದ ನಿಲ್ದಾಣದಲ್ಲಿ ಖಾಲಿ ವ್ಯಾನಿಗೆ ಯಾರೂ ಹತ್ತುವುದಿಲ್ಲ, ತುಂಬದ ವ್ಯಾನನ್ನು ಯಾರೂ ಹೊರಡಿಸುವುದಿಲ್ಲ. ಇವೆರಡರ ನಡುವೆ ನನ್ನಂಥವರ ಹೊಟ್ಟೆಪಾಡು. ಬೆಳಿಗ್ಗೆ ಒಳ್ಳೆಯ ಬಟ್ಟೆ ಹಾಕಿಕೊಂಡು, ಹಳೆ ಪತ್ರಿಕೆ ತುರುಕಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪ್ರಯಾಣಿಕಳ ಹಾಗೆ ಕೂರುವುದು ನನ್ನ ಕೆಲಸ. ನಿಜವಾದವರು ಬಂದಂತೆಲ್ಲ ನಾವು ನೀರು ಕೊಳ್ಳುವ ನೆಪದಲ್ಲೋ, ಫೋನ್ ಮಾಡುವ ನೆಪದಲ್ಲೋ ಒಬ್ಬೊಬ್ಬರಾಗಿ ಇಳಿದುಬಿಡುತ್ತೇವೆ. ಇದು ಮೋಸ ಎನ್ನುವವರು ಖಾಲಿ ವ್ಯಾನಿಗೆ ಮೊದಲು ಹತ್ತಿ ಕೂರಲಿ, ನಾನು ನಾಳೆಯೇ ಕೆಲಸ ಬಿಡುತ್ತೇನೆ.

ಆ ಬುಧವಾರ ಬೆಳಿಗ್ಗೆ ವ್ಯಾನಿನಲ್ಲಿ ಕೂತಿದ್ದವರೆಲ್ಲ ನಮ್ಮವರೇ. ಸೀಟು ತುಂಬಿಸುವ ಮೇಸ್ತ್ರಿ ಸೆಬುಲಿಬಾ ಹೊರಗೆ ನಿಂತು, ಇನ್ನೊಂದೇ ಸೀಟು, ಇನ್ನೊಂದೇ ಸೀಟು ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಆಗ ಒಬ್ಬ ದಪ್ಪನೆಯ ಹೆಂಗಸು ಏದುಸಿರು ಬಿಡುತ್ತ ಹತ್ತಿ ನನ್ನ ಪಕ್ಕ ಕೂತರು. ಅವರ ಗಂಟಿನಿಂದ ಹೊಗೆಯಲ್ಲಿ ಒಣಗಿಸಿದ ಮಾಂಸದ ವಾಸನೆ, ರಾಗಿ ಹಿಟ್ಟಿನ ವಾಸನೆ ಬಂತು. ನನಗೆ ಅಮ್ಮನ ಅಡುಗೆಮನೆ ನೆನಪಾಯಿತು.

ಆಕೆ ನನ್ನ ಮುಖ ನೋಡಿ, ನಮ್ಮ ಮಾತಿನಲ್ಲೇ ನನ್ನ ಎಂಪಾಕೊ ಕೇಳಿದರು. ನಮ್ಮ ಫೋರ್ಟ್ ಪೋರ್ಟಲ್ ಕಡೆಯ ಟೋರೋ ಸೀಮೆಯವರಿಗೆ ಹೆಸರು ಬೇರೆ, ಎಂಪಾಕೊ ಬೇರೆ. ಹೆಸರು ಸರ್ಕಾರಕ್ಕೆ, ಎಂಪಾಕೊ ಅಕ್ಕರೆಗೆ. ಅದನ್ನು ಕೇಳದೆ ನಮ್ಮಲ್ಲಿ ಮಾತೇ ಶುರುವಾಗುವುದಿಲ್ಲ. ಅದ್ಯೇರಿ ಎಂದೆ. ಅಮ್ಮ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಈ ನಿಲ್ದಾಣದಲ್ಲಿ ನಾನು ಬರೀ ಕಿಟಕಿ ಸೀಟಿನವಳು. ಆಕೆಯ ಎಂಪಾಕೊ ಅಬ್ವೋಲಿ.

ಅಬ್ವೋಲಿ ಕೇಳದೆಯೇ ಎಲ್ಲ ಹೇಳಿಕೊಂಡರು. ಅವರ ತಮ್ಮ ಬಲಿಂಡಾ ಆರು ತಿಂಗಳ ಹಿಂದೆ ಮೋಟರ್‌ಸೈಕಲ್ಲಿನಿಂದ ಬಿದ್ದು ಸತ್ತ. ಈಗ ಅವನ ಹೆಂಡತಿ ಗಂಡು ಹೆತ್ತಿದ್ದಾಳೆ. ಇವತ್ತು ಮೂರನೆಯ ದಿನ, ಕೂಸಿಗೆ ಎಂಪಾಕೊ ಕೊಡಬೇಕು. ಸೋದರತ್ತೆ ಕೂಸನ್ನು ಮಡಿಲಿಗೆ ಹಾಕಿಕೊಂಡು, ಅಪ್ಪನ ಮನೆಯ ಯಾರ ಹೋಲಿಕೆ ಎಂದು ಹೇಳಿ, ಎಂಪಾಕೊ ಕೂಗಿ, ರಾಗಿ ಮುದ್ದೆ ಉಂಡರೆ ಆ ಕೂಸು ಆ ಮನೆಯದು. ಬಲಿಂಡಾನಿಗೆ ಇದ್ದದ್ದು ಈಕೆ ಒಬ್ಬಳೇ ಅಕ್ಕ. ಆದರೆ ಊರಲ್ಲಿ ಗುಸುಗುಸು. ಅವನು ಕೆಲಸಕ್ಕೆಂದು ಗಡಿಯಾಚೆಯ ಜುಬಾದಲ್ಲಿದ್ದ ತಿಂಗಳುಗಳನ್ನು ಜನ ಬೆರಳು ಮಡಚಿ ಎಣಿಸುತ್ತಿದ್ದಾರೆ. ಹೊತ್ತು ಮುಳುಗುವುದರೊಳಗೆ ತಂದೆಯ ಕಡೆಯವರು ಬರದಿದ್ದರೆ ಮಗಳನ್ನೂ ಕೂಸನ್ನೂ ಕರೆದುಕೊಂಡು ಹೊರಟುಬಿಡುತ್ತೇನೆ ಎಂದು ಬಾಣಂತಿಯ ತಾಯಿ ಹೇಳಿಕಳಿಸಿದ್ದಾಳೆ. ಆಮೇಲೆ ಯಾರು ಹೋಗಿ ಏನು ಕೂಗಿದರೂ ಕೂಸು ಆ ಮನೆಯದಾಗುವುದಿಲ್ಲ.

"ಹೋಗಿ ಮುಖ ನೋಡ್ತೀನಿ," ಎಂದರು ಅಬ್ವೋಲಿ. "ನಮ್ಮದಾದ್ರೆ ಎತ್ಕೋತೀನಿ. ಅಲ್ಲಾಂದ್ರೆ ಎಲ್ಲರ ಮುಂದೇನೇ ಅಲ್ಲ ಅಂತೀನಿ. ನನಗೆ ಹಲ್ಲು ಕಿರಿಯೋದು ಬರಲ್ಲ."

ಅಷ್ಟರಲ್ಲಿ ಡ್ರೈವರು ಎಂಜಿನ್ ಗುರ್ರೆನ್ನಿಸಿ ವ್ಯಾನನ್ನು ಒಂದು ಮಾರು ಮುಂದೆ ತಂದ. ಅಬ್ವೋಲಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಒಂದು ಮಾರು ಮುಂದೆ ಹೋದದ್ದು ಮತ್ತೆ ಒಂದು ಮಾರು ಹಿಂದೆ ಬರುತ್ತದೆ ಎಂದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ನನಗೆ ಸಂಕಟ ಶುರುವಾಯಿತು. ಮುಬೆಂಡೆ ದಾರಿಯಲ್ಲಿ ಫೋರ್ಟ್ ಪೋರ್ಟಲ್ ಮುನ್ನೂರು ಕಿಲೋಮೀಟರು, ಐದು ತಾಸು ಸಾಕು. ಆದರೆ ಆ ದಾರಿಯ ದೊಡ್ಡ ಬಸ್ಸುಗಳು ಬೆಳಗಾಗುವ ಮುಂಚೆಯೇ ಹೋಗಿಯಾಗಿತ್ತು. ಬುಧವಾರ ಈ ವ್ಯಾನು ತುಂಬುವ ಹೊತ್ತಿಗೆ ಮಧ್ಯಾಹ್ನ ಎರಡಾದರೂ ಆಗುತ್ತದೆ, ತಲುಪುವಾಗ ಕತ್ತಲು. ಎದುರು ಸಾಲಿನಲ್ಲಿ ಮಸಾಕಾ, ಎಂಬರಾರಾ ಸುತ್ತಿ ಕಸೇಸೆಗೆ ಹೋಗುವ ಬಸ್ಸು ಹಾರನ್ ಹೊಡೆಯುತ್ತಿತ್ತು. ಅದು ತುಂಬಲಿ ಬಿಡಲಿ ಎಂಟಕ್ಕೆ ಬಿಡುತ್ತದೆ. ಕಸೇಸೆಯಲ್ಲಿ ಇಳಿದು ಮತ್ತೊಂದು ಗಾಡಿ ಹಿಡಿಯಬೇಕು. ಒಟ್ಟು ಐನೂರು ಕಿಲೋಮೀಟರಿನ ಹತ್ತಿರ, ಒಂಬತ್ತು ತಾಸು. ಆದರೂ ಬೆಳಕಿರುವಾಗಲೇ ತಲುಪಬಹುದು. ಕೂತು ಕಾಯುವ ಹೊತ್ತನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ.

ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಅದಿರಲಿ, ಕೂಸನ್ನು ಬೇಡವೆನ್ನಲು ಹೊರಟವಳನ್ನು ಬೇಗ ತಲುಪಿಸಿ ನಾನು ಯಾವ ಪುಣ್ಯ ಕಟ್ಟಿಕೊಳ್ಳಬೇಕು? ಹೀಗೆಂದುಕೊಂಡು ಕಿಟಕಿಯಾಚೆ ನೋಡುತ್ತ ಕೂತೆ.

"ಅದ್ಯೇರಿ, ಇನ್ನೇನು ಬಿಡ್ತಾನೆ ತಾನೆ?"

ಬೇರೆ ಯಾರಾದರೂ ಕೇಳಿದ್ದರೆ ಹೂಂ ಅನ್ನುತ್ತಿದ್ದೆ, ದಿನಕ್ಕೆ ಹತ್ತು ಸಲ ಅನ್ನುತ್ತೇನೆ. ಎಂಪಾಕೊ ಹಿಡಿದು ಕೇಳಿದವರಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಆ ಕಸೇಸೆ ಬಸ್ಸು ಹತ್ತಿ, ಅದೇ ಬೇಗ ತಲುಪುತ್ತದೆ ಎಂದೆ.

ಅಬ್ವೋಲಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮಸಾಕಾ ಮೇಲೆ ಹೋಗೋದಾ? ಕೈ ಸುತ್ತಿಸಿ ಮೂಗು ಹಿಡ್ಕೋ ಅಂತೀಯಲ್ಲ. ನೀನ್ಯಾಕೆ ಹೋಗ್ತಿಲ್ಲ ಹಾಗಾದ್ರೆ?"

"ನಾನು ಎಲ್ಲಿಗೂ ಹೋಗ್ತಿಲ್ಲ, ಅಬ್ವೋಲಿ. ಇಲ್ಲಿ ಕೂತಿರೋರು ಯಾರೂ ಹೋಗ್ತಿಲ್ಲ. ಹೋಗೋರು ನೀವೊಬ್ರೇ."

ಅವರು ನಂಬಲಿಲ್ಲ. ನಾನು ಚೀಲದ ಜಿಪ್ ಎಳೆದು ತೋರಿಸಿದೆ. ಅಬ್ವೋಲಿ ಒಳಗೆ ಕೈಹಾಕಿ ಪತ್ರಿಕೆಯ ಉಂಡೆಯೊಂದನ್ನು ತೆಗೆದು ನೋಡಿ, ಹಾಗೇ ವಾಪಸ್ಸು ಇಟ್ಟರು. ಆಮೇಲೆ ಹಿಂದೆ ಮುಂದೆ ಕೂತವರ ಚೀಲಗಳನ್ನೆಲ್ಲ ಒಂದೊಂದಾಗಿ ನೋಡಿದರು. ಆ ಕೂತವರಿಗೆ ನಮ್ಮ ಮಾತು ಬರದು, ಪಾಪ, ಎಲ್ಲರೂ ಒಳ್ಳೆಯ ಸಹಪ್ರಯಾಣಿಕರಂತೆ ನಕ್ಕರು.

ಅಬ್ವೋಲಿ ಗಂಟು ಎತ್ತಿಕೊಂಡು ಇಳಿದದ್ದೇ ತಡ, ಅವರನ್ನು ತಡೆಯಲು ಸೆಬುಲಿಬಾ ಗಂಟಿಗೆ ಕೈಹಾಕಿದ. ನಾನು ಅದನ್ನು ಕಿತ್ತುಕೊಂಡು ಓಡಿ, ಹೊರಟಿದ್ದ ಕಸೇಸೆ ಬಸ್ಸಿನ ಪಕ್ಕೆಗೆ ದಬದಬ ಬಡಿದು ನಿಲ್ಲಿಸಿದೆ. ಅಬ್ವೋಲಿ ಮೆಟ್ಟಿಲ ಮೇಲೆ ನಿಂತು ನನ್ನ ಫೋನ್ ನಂಬರು ತೆಗೆದುಕೊಂಡರು. ತಡವಾದರೆ ಬೈಯಲು ಬೇಕಂತೆ.

ಮೇಸ್ತ್ರಿ ಕೂಗಾಡಲಿಲ್ಲ. ನಾಳೆಯಿಂದ ಬರಬೇಡ ಎಂದ, ಅಷ್ಟೆ. ನಾನು ಹಠಕ್ಕೆ ಬಿದ್ದು ಕಡಲೆಕಾಯಿ ಮಾರುವವಳ ಪಕ್ಕ ಕೂತು ನೋಡಿದೆ. ವ್ಯಾನು ಬಿಟ್ಟದ್ದು ಎರಡೂವರೆಗೆ. ಅರ್ಧ ಸಮಾಧಾನ, ಅರ್ಧ ಹೆದರಿಕೆ. ಬೇಗ ತಲುಪಿದವಳು ಅಲ್ಲಿ ಏನು ಹೇಳುತ್ತಾಳೋ ಎಂದು ಮನೆಗೆ ಬಂದ ಮೇಲೂ ಊಟ ಸೇರಲಿಲ್ಲ.

ಕತ್ತಲಾದ ಸ್ವಲ್ಪ ಹೊತ್ತಿಗೆ ಫೋನ್ ಬಂತು. ಹಿಂದೆ ಹೆಂಗಸರ ಗದ್ದಲ, ಪಾತ್ರೆಗಳ ಸದ್ದು.

"ಬೆಳಕಿರುವಾಗಲೇ ಬಂದೆ ಕಣೆ, ಅದ್ಯೇರಿ. ಅವಳಮ್ಮ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಟಿದ್ಲು."

ಕೂಸು ಹೇಗಿದೆ ಎಂದು ಕೇಳಿದೆ. ಅವರು ಎದ್ದು ಆಚೆ ಹೋದದ್ದು ಕೇಳಿಸಿತು. ದನಿ ತಗ್ಗಿತು.

"ನಮ್ಮವರ ತರ ಒಂದು ಚೂರೂ ಇಲ್ಲ. ಮೂಗೂ ನಮ್ಮದಲ್ಲ, ಕಿವೀನೂ ನಮ್ಮದಲ್ಲ."

ಇವಳನ್ನು ಆ ವ್ಯಾನಿನಲ್ಲೇ ಕೂರಲು ಬಿಡಬೇಕಿತ್ತು ಎನ್ನಿಸಿತು.

"ಹಣೆ ನಮ್ಮಪ್ಪಂದು ಅಂದೆ," ಎಂದರು ಅಬ್ವೋಲಿ. "ಎಲ್ಲರ ಮುಂದೇನೇ ಅಂದೆ. ನನ್ನ ತಮ್ಮನ ಎಂಪಾಕೊನೇ ಕೂಗ್ದೆ, ಅರಾಲಿ ಅಂತ. ಆ ಹುಡುಗಿ ನನ್ನ ಕಾಲು ಹಿಡ್ಕೊಂಡು ಅತ್ಲು."

ನಮ್ಮದಲ್ಲದಿದ್ದರೆ ಅಲ್ಲ ಅಂತೀನಿ ಎಂದಿದ್ದಿರಲ್ಲ ಎಂದೆ.

"ಮುಬೆಂಡೆ ಮೇಲೆ ಐದೇ ತಾಸಲ್ವಾ, ಅಷ್ಟು ಬೇಗ ಬಂದಿದ್ರೆ ಸಿಟ್ಟೂ ನನ್ನ ಜೊತೇಲೇ ಮನೆಯೊಳಗೆ ಬರ್ತಿತ್ತು. ಮಸಾಕಾವರೆಗೂ ಅವಳನ್ನು ಬೈದೆ. ಎಂಬರಾರಾವರೆಗೂ ಬಲಿಂಡಾನ ಬೈದೆ, ಸತ್ನಲ್ಲ ಅಂತ. ಆಮೇಲೆ ಬೈಯೋಕೆ ಯಾರೂ ಉಳೀಲಿಲ್ಲ, ದಾರಿ ಇನ್ನೂ ಇತ್ತು. ಈ ಲೋಕದಲ್ಲಿ ಅವನ ಹೆಂಡತಿ ಅಂತ ಒಬ್ಳು ಅವನಿಗಾಗಿ ಅಳ್ತಿದಾಳೆ, ನಾನೊಬ್ಳು ಅಳ್ತಿದೀನಿ. ಮೂರನೇದು ಆ ಕೂಸು. ಅದನ್ನೂ ಕಳಿಸಿಬಿಟ್ರೆ ನನಗೇನು ಉಳೀತು ಹೇಳು?"

ಆಮೇಲೆ, ನಾಳೆ ಎಲ್ಲಿ ಕೂರುತ್ತೀಯ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಾದರೆ ಒಂದು ಸಲ ನಿಜವಾಗಿಯೂ ಈ ಕಡೆ ಬಾ, ಚೀಲದಲ್ಲಿ ಬಟ್ಟೆ ಇಟ್ಟುಕೊಂಡು ಬಾ ಎಂದರು.

ಅಷ್ಟರಲ್ಲಿ ಕೂಸು ಎದ್ದು ಅತ್ತಿತು. ಅಬ್ವೋಲಿ ಫೋನ್ ಆರಿಸುವುದನ್ನು ಮರೆತು ಒಳಗೆ ಹೋಗಿ, ಅರಾಲಿ, ಅರಾಲಿ, ಎಂದು ಸಮಾಧಾನ ಮಾಡತೊಡಗಿದರು. ಅದು ಸುಮ್ಮನಾಗುವವರೆಗೂ ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದೆ.