ಪುಣ್ಯಾಹ ಆದ ಪಿಯಾನೊ

ಮೈಕು ಕುಂಯ್ ಎಂದು ಎಳೆಯುತ್ತಿದೆ, ಯಾವ ಸ್ವರಕ್ಕೂ ಸೇರದ ಕೂಗು, ಯಾರಾದರೂ ಆರಿಸಬಾರದೇ ಎಂದುಕೊಳ್ಳುತ್ತಾನೆ ಶಶಿಕಿರಣ, ಆರಿಸುವುದಿಲ್ಲ, ಬಾಳಗಡಿಯ ಈ ಕಾಲೇಜು ಹಾಲಿನಲ್ಲಿ ಭಾಷಣ ನಿಂತರೆ ತಾನೇ ಮೈಕು ನಿಲ್ಲುವುದು, ವಿಶ್ವವಿಖ್ಯಾತ ಪಿಯಾನೊ ವಾದಕರು, ನಮ್ಮ ಶೃಂಗೇರಿಯ ಮಣ್ಣಿನ ಮಗ ಎನ್ನುತ್ತಿದ್ದಾನೆ ಕಮಿಟಿಯ ರವಿಶಂಕರ, ಮಣ್ಣಂತೆ — ಎಲುಬು ಬಾರಿಸುವ ಮಾಣಿ ಬಂದ ನೋಡಿ ಎಂದು ಬಸ್ ಸ್ಟ್ಯಾಂಡಿನಲ್ಲಿ ನಕ್ಕಿದ್ದೂ ಇದೇ ಮಣ್ಣಲ್ಲವೇ, ಈಗ ಶಾಲು ಹೊದಿಸುತ್ತದೆ, ಹೊದಿಸಲಿ, ಶಾಲಿನೊಳಗೆ ಎಡಗೈ ಅಡಗಿಸಬಹುದು, ಉಂಗುರದ ಬೆರಳು ಮತ್ತೆ ತಾನಾಗಿ ಒಳಕ್ಕೆ ಮಡಚಿಕೊಂಡಿದೆ, ಹೋದ ವರ್ಷದಿಂದ ಹೀಗೆ, ಇನ್ನು ಬಾರಿಸಬೇಡಿ ಎಂದು ಡಾಕ್ಟರು ಹೇಳಿದ್ದು ಯಾರಿಗೂ ಗೊತ್ತಿಲ್ಲ, ಇದೊಂದು ಕಛೇರಿ, ಆಮೇಲೆ ಮುಚ್ಚಳ ಹಾಕಿಬಿಡುವುದು, ಯಾಕೆಂದರೆ ಮೊದಲ ಸಾಲಿನಲ್ಲಿ ಅಮ್ಮ ಕೂತಿದ್ದಾಳೆ, ಶಾರದಾಂಬ, ಅಣ್ಣನ ಮಗಳು ನವ್ಯಾಳ ಪಕ್ಕ, ಮಗ ದೇಶ ದೇಶದಲ್ಲಿ ಬಾರಿಸಿದ್ದನ್ನು ಒಮ್ಮೆಯೂ ಎದುರು ಕೂತು ಕೇಳದ ಅಮ್ಮ — ಬೆರಳೇ, ಇವತ್ತೊಂದು ದಿನ ಮಾತು ಕೇಳು, ಅವಳು ಕೇಳಿ ಹೋಗಲಿ.

ಹೊರಗೆ ಯಾರೋ ಕಾಫಿ ಸೋಸುತ್ತಿದ್ದಾರೆ, ಘಮ್ಮೆಂದಿತು, ಪಿಯಾನೊ ಕಲಿಸಿದ ರೋಸಮ್ಮ ಟೀಚರ ಮನೆಯೊಳಗೂ ಇದೇ ವಾಸನೆ, ನರಸಿಂಹರಾಜಪುರದ ಚರ್ಚಿನ ಹಿಂದೆ, ಶನಿವಾರದ ಬಸ್ಸು, ಕಿಟಕಿ ಸೀಟು, ತೊಡೆಯ ಮೇಲೆ ಬೆರಳು ಕುಣಿಸುತ್ತ ಹೋಗುವುದು, ಎಂತ ಮಾರಾಯ ತೊಡೆ ತುರಿಸ್ತದಾ ಎಂದು ಕಂಡಕ್ಟರ್ ಭೈರಪ್ಪ ಪ್ರತಿ ಸಲವೂ ಕೇಳುವುದು, ಬೆರಳಲ್ಲಿ ಗುದ್ದಬೇಡ ಮೋನೆ, ತೋಳಿನ ಭಾರ ಇಳಿಸು ಎಂದು ಮಲಯಾಳಿ ಟೀಚರು ಮೊಣಕೈ ಹಿಡಿದು ಅಲ್ಲಾಡಿಸುವುದು, ಹಳೇ ಆನೆದಂತದ ಕೀಗಳು, ಹಳದಿಗಟ್ಟಿ, ಬೆಣ್ಣೆಯ ಹಾಗೆ — ಊರಿಗೆ ಬಂದರೆ ಜಗುಲಿಯಲ್ಲೇ ಅಪ್ಪ, ಮಠಕ್ಕೆ ಪಾರಾಯಣಕ್ಕೆ ಹೋಗುವ ಗಣೇಶಮೂರ್ತಿ, ದಂತವೋ ಎಂತದೋ, ಸತ್ತದ್ದರ ಎಲುಬು ಮುಟ್ಟಿದವ ಮಿಂದು ಒಳಗೆ ಬಾ, ಬಾವಿಕಟ್ಟೆ, ತಣ್ಣೀರು, ಚಳಿಗಾಲದಲ್ಲೂ ತಣ್ಣೀರೇ, ಬೆರಳು ಕೊರಡು, ಅಷ್ಟು ಹೊತ್ತು ಕಲಿತದ್ದೆಲ್ಲ ಬಚ್ಚಲ ತೂಬಿಗೆ ಹರಿದುಹೋಯಿತು ಎನಿಸುವುದು, ಅಮ್ಮ ಪಂಚೆ ಹಿಡಿದು ನಿಂತಿರುತ್ತಾಳೆ. ಟೀಚರು ಮಗಳ ಮನೆಗೆಂದು ಕೇರಳಕ್ಕೆ ಹೊರಟಾಗ ಪಿಯಾನೊವನ್ನೇ ಲಾರಿಗೆ ಹಾಕಿ ಕಳಿಸಿದರು, ಅಪ್ಪ ಬೈದೂ ಬೈದೂ ಹೊರಗಿನ ಚಾವಡಿಗೆ ಒಪ್ಪಿದರು, ಬಾರಿಸಿದರೆ ಮೀಯಬೇಕು ಎಂಬುದು ಮಾತ್ರ ಹಾಗೇ ಉಳಿಯಿತು, ಮತ್ತೊಂದು ಸಂಜೆ ಶಾಲೆಯಿಂದ ಬರುವಾಗ ಬೇಲಿಯ ತಡಮೆಯಲ್ಲೇ ಕೇಳಿಸುತ್ತದೆ, ದಪ್ಪ ಸ್ವರದಿಂದ ಸಣ್ಣ ಸ್ವರಕ್ಕೆ, ಒಂದಾದ ಮೇಲೆ ಒಂದು, ಅವಸರವಿಲ್ಲದೆ, ಯಾರು, ಯಾರಿಗೆ ಬರುತ್ತದೆ ಈ ಮನೆಯಲ್ಲಿ — ಅಮ್ಮ, ಸೆರಗಿನ ತುದಿಯಲ್ಲಿ ಒಂದೊಂದೇ ಕೀ ಒರೆಸುತ್ತಿದ್ದಾಳೆ, ಕಾಲ ಬುಡದಲ್ಲಿ ನೀರು ನಿಂತಿದೆ, ಬರಿದಾದ ಕೊಡಪಾನ, ಪಂಚಗವ್ಯದ ಬಟ್ಟಲು, ಮಾವಿನೆಲೆ, ಪಿಯಾನೊಗೇ ಪುಣ್ಯಾಹ ಮಾಡಿ ಮುಗಿಸಿದ್ದಾಳೆ, ಮುಖ ತುಂಬ ನಗು, ಶುದ್ಧ ಆತು ಮಾಣಿ, ಇನ್ ಮೀಯದು ಬ್ಯಾಡ, ಯಾವಾಗ ಬೇಕಾರೂ ಬಾರ್ಸು. ಮರುದಿನ ಮರ ಉಬ್ಬಿ ನಡುವಿನ ಕೀಗಳು ಒತ್ತಿದಲ್ಲೇ ಕೂತವು, ಅವಳಿಗೆ ಹೇಳಲಿಲ್ಲ, ಹೇಗೆ ಹೇಳುವುದು, ಸತ್ತ ಕೀಗಳ ಮೇಲೂ ಬೆರಳಿಟ್ಟು ಒಳಗೊಳಗೇ ಕೇಳಿಕೊಂಡು ಬಾರಿಸಿದ, ಆಮೇಲೆ ಚೆನ್ನೈ, ಆಮೇಲೆ ಲಂಡನ್, ಕರಿ ಕೋಟು, ನೆಲ ನಡುಗಿಸುವ ಚಪ್ಪಾಳೆ, ಎಲ್ಲಿ ಕೂತರೂ ಮೊದಲ ಸ್ವರಕ್ಕೆ ಮುಂಚೆ ಆ ಸೆರಗು ಕೀಗಳ ಮೇಲೆ ಹಾದುಹೋಗುವುದು, ಹಾದ ಮೇಲೇ ಕೈ ಎತ್ತುವುದು.

ಕೊನೆಗೊಂದು ಭಜನೆ ಬಾರ್ಸಿಬಿಡಿ ಮಾರಾಯ್ರೆ, ಬರೀ ಇಂಗ್ಲಿಷೇ ಆದ್ರೆ ಜನ ಎದ್ದು ಹೋಗ್ತಾರೆ, ರವಿಶಂಕರ ಕಿವಿಯ ಹತ್ತಿರ ಬಗ್ಗಿದ್ದಾನೆ, ಹೋಗಲಿ, ಎಲ್ಲರೂ ಎದ್ದು ಹಾಳಾಗಿ ಹೋಗಲಿ, ಒಬ್ಬಳು ಕೂತರೆ ಸಾಕು, ಎಂದು ಹಲ್ಲು ಕಚ್ಚಿಕೊಂಡು ಪಿಯಾನೊದ ಮುಂದೆ ಕೂರುತ್ತಾನೆ, ಬಕೆಟ್ಟಿನಲ್ಲಿ ಅದ್ದಿಟ್ಟಿದ್ದ ಸೇವಂತಿಗೆ ಹಾರವನ್ನು ಅವನ ಕೊರಳಿಗೆ ಹಾಕಿ, ಹಾಕಿದ ರವಿಶಂಕರನೇ ತೆಗೆದು, ತೆರೆದ ಕೀಗಳ ಮೇಲೆಯೇ ಇಟ್ಟ ಪುಣ್ಯಾತ್ಮ, ಬಾಡಿಗೆ ಪಿಯಾನೊ, ನೀರು ಸಂದುಸಂದಿಗೆ ಇಳಿಯುತ್ತಿದೆ, ಅಯ್ಯೋ ಎನ್ನುವಷ್ಟರಲ್ಲಿ ಎದುರು ಸಾಲಿನಲ್ಲಿ ಅಮ್ಮ ಎದ್ದಿದ್ದಾಳೆ, ಅಜ್ಜೀ ಎಲ್ಲಿಗೆ ಎನ್ನುತ್ತ ನವ್ಯಾ ಹಿಂದೆ, ಬಲಗಡೆಯ ಮೆಟ್ಟಿಲು ಹತ್ತಿ ಬರುತ್ತಾಳೆ, ಹಾರ ತೆಗೆದು ರವಿಶಂಕರನ ಕೈಗೇ ಕೊಡುತ್ತಾಳೆ, ಸೆರಗಿನ ತುದಿ ಹಿಡಿಯುತ್ತಾಳೆ, ಸಣ್ಣ ಸ್ವರದಿಂದ ದಪ್ಪ ಸ್ವರಕ್ಕೆ, ಒಂದಾದ ಮೇಲೆ ಒಂದು, ಕಛೇರಿ ಶುರುವಾಯಿತೆಂದು ಹಾಲಿನಲ್ಲಿ ಮಾತು ನಿಂತಿದೆ, ಮೈಕೂ ನಿಂತಿದೆ, ಶಾಲು ಜಾರಿ ಬಿದ್ದದ್ದು ಯಾವಾಗ, ಎಡಗೈ ಕೀಗಳ ಮೇಲಿದೆ, ಬಚ್ಚಿಡುವ ಮೊದಲೇ ಅವಳು ಅಲ್ಲಿಗೆ ಬಂದಾಯಿತು, ಒರೆಸುತ್ತ ಒರೆಸುತ್ತ ಆ ಬೆರಳನ್ನೂ ಒರೆಸಿದಳು, ಅದು ನೆಟ್ಟಗಾಗಲಿಲ್ಲ, ಇನ್ನೊಮ್ಮೆ ಒರೆಸಿದಳು, ಬಗ್ಗಿ ನೋಡಿದಳು,

ಇದು ಎಂತಕ್ಕೆ ಏಳದಿಲ್ಲೆ ಮಾಣಿ,

ಕೇಳಿದ್ದು ಅವಳೊಬ್ಬಳೇ, ಇಷ್ಟು ದಿನದಲ್ಲಿ, ಈ ಸಲ ಕೈ ಎಳೆದುಕೊಳ್ಳುವುದಿಲ್ಲ, ಅವಳ ಹಿಡಿಯಲ್ಲಿ ಮಡಚಿದ ಬೆರಳು, ಒದ್ದೆ ಸೆರಗು, ಮಡಚಿದ ಬೆರಳು, ಅದರ ಮೇಲೆ ಸೆರಗು, ಸೆರಗು