ಪಟ್ಟಿಯಿಂದ ಹೊಡೆದುಹಾಕಿದ ಹಾಡು

ಆ ಕಾಲೇಜು ರೇಡಿಯೋದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಅಲ್ಲಿನ ಹುಡುಗರು ಹಾಕಿದ ಹಾಡು ಬಸ್ಸಿನಲ್ಲೋ ಕ್ಷೌರದಂಗಡಿಯಲ್ಲೋ ಕೇಳಿಬಂದರೆ ಮುಗಿಯಿತು, ಅದಕ್ಕೆ ರೇಡಿಯೋದಲ್ಲಿ ಜಾಗವಿಲ್ಲ. ಆ ಹಾಡನ್ನು ಮೊದಲು ತಂದವರೇ ಮೈಕಿನ ಮುಂದೆ ಕೂತು ಕಾರಣ ಹೇಳಿ, ಗೋಡೆಯ ಪಟ್ಟಿಯಿಂದ ಹೊಡೆದುಹಾಕಬೇಕು. ಈ ನಿಯಮ ಮಾಡಿದವಳು ಗರಗಸ. ಅಪ್ಪ ಅಮ್ಮ ಇಟ್ಟ ಹೆಸರಲ್ಲ ಬಿಡಿ. ಜನ ಮೆಚ್ಚಿದ ಯಾವ ಹಾಡನ್ನೂ ಕೊಯ್ಯದೆ ಬಿಡುವುದಿಲ್ಲವೆಂದು ಗೆಳೆಯರು ಕೊಟ್ಟ ಬಿರುದು. ಸದ್ದು ತಡೆಯಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಆ ಪುಟ್ಟ ಕೋಣೆಯಲ್ಲಿ ಅವಳದೇ ದರ್ಬಾರು. ಕೇಳುವವರು ಎಷ್ಟು ಜನ ಎಂದು ಮಾತ್ರ ಯಾರೂ ವಿಚಾರಿಸಬಾರದು.

ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಸುಳ್ಳಲ್ಲ. ಮೊನ್ನೆ ಬಸ್ಸಿನಲ್ಲಿ ಡ್ರೈವರ್ ಹಾಕಿದ್ದು ಅವಳ ತಮ್ಮನ ಹಾಡು! ಅವನು ಬಚ್ಚಲುಮನೆಯಲ್ಲಿ ಬಕೆಟ್ಟು ಬಡಿಯುತ್ತಾ ಹಾಡಿದ್ದನ್ನು ರೆಕಾರ್ಡ್ ಮಾಡಿ, ಹಠ ಹಿಡಿದು ರೇಡಿಯೋದಲ್ಲಿ ಹಾಕಿದವಳು ಇವಳೇ. ಅದ್ಯಾವುದೋ ದೊಡ್ಡ ಸಂಗೀತ ಕಂಪನಿ ಅವನನ್ನು ಕರೆಸಿಕೊಂಡು, ಬಕೆಟ್ಟು ತೆಗೆದು ಐವತ್ತು ಪಿಟೀಲು ಸೇರಿಸಿತ್ತು. ಬಸ್ಸಿಗೆ ಬಸ್ಸೇ ಗುನುಗುತ್ತಿತ್ತು. ಅವಳಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಎಲ್ಲಕ್ಕಿಂತ ಹೆಚ್ಚಾಗಿ ಭಯವಾಯಿತು. ಊರೇ ಕೇಳುವಾಗ ಅವನಿಗಿನ್ನು ಅಕ್ಕ ಯಾಕೆ ಬೇಕು? ಎರಡು ತಿಂಗಳಿಂದ ಅವನ ಫೋನೂ ಇರಲಿಲ್ಲ.

ಇದೊಂದು ಸಲ ಕಂಡೂ ಕಾಣದ ಹಾಗೆ ಇರೋಣ ಎಂದರು ಗೆಳೆಯರು. ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಸಂಜೆ ನಾಲ್ಕಕ್ಕೆ ಮೈಕಿನ ಮುಂದೆ ಕೂತು, ಈ ಹಾಡು ಬಸ್ಸಿನಲ್ಲಿ ಸಿಕ್ಕಿತು, ಹಾಗಾಗಿ ತೆಗೆಯುತ್ತಿದ್ದೇವೆ ಎಂದು ಹೇಳಿದಳು. ಪೆನ್ನು ಹಿಡಿದು ಪಟ್ಟಿಯಲ್ಲಿ ಗೀಟು ಎಳೆದೇಬಿಟ್ಟಳು.

ಫೋನು ರಿಂಗಾಯಿತು. ಆ ಕೋಣೆಗೆ ಫೋನು ಮಾಡುತ್ತಿದ್ದವನೆಂದರೆ ಫ್ಯಾನು ಆರಿಸಿ ಹೋಗಿ ಎನ್ನುವ ವಾಚ್‌ಮನ್ ಒಬ್ಬನೇ. ಇವತ್ತು ತಮ್ಮ.

"ಈಗ ರೇಡಿಯೋದಲ್ಲಿ ಕೇಳಿದೆ. ಹೊಡೆದುಹಾಕಿದ್ಯಾ ಅಕ್ಕ?"

"ಹೂಂ ಕಣೋ. ನಿಯಮ ಅಂದ್ರೆ ನಿಯಮ."

"ಒಳ್ಳೇದಾಯ್ತು. ಆ ಪಿಟೀಲು ಕೇಳಿದ್ರೆ ನಂಗೇ ನಾಚಿಕೆ. ಅದಕ್ಕೇ ನಿಂಗೆ ಫೋನ್ ಮಾಡೋಕೆ ಮುಖ ಇರ್ಲಿಲ್ಲ." ಮತ್ತೆ ಅಂದ, "ಹೊಸದೊಂದು ಮಾಡಿದೀನಿ. ಕಂಪನಿಯವರು ಬೇಡ ಅಂದ್ರು. ನೀನು ಕೇಳ್ತೀಯಾ?"

ಅವಳು ಫೋನನ್ನು ಮೈಕಿಗೆ ಹಿಡಿದಳು. ತಮ್ಮ ಹಾಡಿದ. ಶ್ರುತಿ ಎತ್ತಲೋ, ತಾಳ ಎತ್ತಲೋ. ನಿಜ ಹೇಳಬೇಕೆಂದರೆ ಹಾಡು ತೀರಾ ಕೆಟ್ಟದಾಗಿತ್ತು, ಯಾವ ಬಸ್ಸಿನಲ್ಲೂ ಕೇಳಿಬರುವ ಭಯವಿರಲಿಲ್ಲ. ಮುಗಿದ ಮೇಲೆ ಗರಗಸ ಕಣ್ಣೊರೆಸಿಕೊಂಡು, ಇನ್ನೊಂದು ಸಲ ಹಾಡು ಎಂದಳು.