ಇವತ್ತು ಸಾರಿಗೆ ಕರಿಬೇವಿಲ್ಲ

ತಾಯಿಯ ತಲೆ ಬಾಚಿ ತುರುಬು ಕಟ್ಟುತ್ತಿದ್ದ ವನಜ, ಅಂಗಳಕ್ಕೆ ಬಂದ ಮಕ್ಕಳ ದಂಡನ್ನು ಕಂಡು ಕೈ ನಿಲ್ಲಿಸಿದಳು. "ಟೀಚರ್ ಬಂದ್ರ್. ಜಾಗ ಬಿಡಿ."

ಉಪ್ಪುಂದದ ಸಣ್ಣ ಶಾಲೆಯಲ್ಲಿ ಹದಿನೆಂಟು ವರ್ಷ ಬಿಸಿಯೂಟ ಬೇಯಿಸಿದ ಅವಳ ತಾಯಿ ಸೀತು, ಬೆಳಿಗ್ಗೆ ಎದೆನೋವೆಂದು ಜಗಲಿಯಲ್ಲಿ ಕುಳಿತವಳು ಮತ್ತೆ ಏಳಲಿಲ್ಲ.

"ಅಮ್ಮಂಗ್ ಮನೀಗ್ ಬಂದ್ರೂ ಹುಳದ್ದೇ ಸುದ್ದಿ ಟೀಚರೆ," ಎಂದಳು ವನಜ, ಅಳುವಿನ ನಡುವೆ ನಕ್ಕು. "ಮಕ್ಕಳ್ ಹೀಂಗ್ ಹೇಳ್ದೊ, ಹಾಂಗ್ ಹೇಳ್ದೊ ಅಂದೇಳಿ."

ಒಂದನೇ ತರಗತಿಯ ಟೀಚರ್ ಶ್ರೀವಿದ್ಯಾ ತಲೆ ತಗ್ಗಿಸಿದಳು. ಆ ಹುಳದ ದೆಸೆಯಿಂದಲೇ ಅವಳು ಸೀತುವಿನೊಡನೆ ಮಾತು ಬಿಟ್ಟು ಎರಡು ವಾರವಾಗಿತ್ತು.

*

ಹುಳವನ್ನು ತಂದವಳೇ ಸೀತು. ಒಗ್ಗರಣೆಗೆಂದು ಕರಿಬೇವು ಕೊಯ್ಯಲು ಹೋದವಳು, ಎಲೆ ಮೇಯುತ್ತಿದ್ದ ಹಸಿರು ಹುಳವನ್ನು ಕೊಂಬೆ ಸಮೇತ ತರಗತಿಗೆ ತಂದಿದ್ದಳು. "ಇವತ್ತ್ ಸಾರಿಗ್ ಕರಿಬೇವಿಲ್ಲ ಮಕ್ಳೆ. ಇವ ಉಣ್ತಾ ಇದ್ದ."

ಹುಳ ಗಾಜಿನ ಭರಣಿಯಲ್ಲಿ ಬೆಳೆಯಿತು. ಮಕ್ಕಳು ದಿನವೂ ಅದರ ಚಿತ್ರ ಬರೆದರು. ಒಂದು ದಿನ ಅದು ತಿನ್ನುವುದನ್ನು ಬಿಟ್ಟು, ಕಡ್ಡಿಗೆ ಅಂಟಿ ಗೂಡಾಯಿತು. ಅಕ್ಕಿ ಆರಿಸುತ್ತಿದ್ದ ಸೀತು ಮತ್ತೆ ಮತ್ತೆ ಎದ್ದು ಬಂದು ಇಣುಕುತ್ತಿದ್ದಳು. "ಒಳಗ್ ಎಂತ ಮಾಡ್ತಾ ಇತ್ತ್ ಟೀಚರೆ?" ಎಂದು ಮಕ್ಕಳಿಗಿಂತ ಮೊದಲು ಅವಳೇ ಕೇಳುವಳು.

ಹತ್ತನೆಯ ದಿನ ಊಟ ಮುಗಿಸಿ ಬರುವಷ್ಟರಲ್ಲಿ ಗೂಡು ಹರಿದಿತ್ತು. ಅವಧಿಗೆ ಮುಂಚೆ ಹೊರಬಂದ ಚಿಟ್ಟೆ, ಮುದುಡಿದ ರೆಕ್ಕೆ ಬಿಚ್ಚಲಾರದೆ, ಭರಣಿಯ ತಳದಲ್ಲಿ ತೆವಳುತ್ತಿತ್ತು.

"ಯಾರ್ ಮುಟ್ಟಿದ್ದ್?" ಶ್ರೀವಿದ್ಯಾ ದನಿ ಏರಿಸಿದಳು.

ಬಾಗಿಲಲ್ಲಿದ್ದ ಸೀತು ಸೆರಗಿಗೆ ಕೈ ಒರೆಸಿಕೊಂಡಳು. "ನಾನೇ ಟೀಚರೆ. ಭರಣಿ ಒರೆಸುವಾಗ ಕೈ ತಾಗಿತ್ತ್."

"ಒಲೆ ಬಿಟ್ಟ್ ಇಲ್ಲಿಗ್ ಎಂತಕ್ ಬಪ್ದ್ ನೀವ್? ಇನ್ ಕ್ಲಾಸಿಗ್ ಬರ್ಬೇಡಿ."

ಮಕ್ಕಳೆದುರೇ ಅಂದ ಮಾತು. ಸೀತು "ಆಯ್ತ್" ಎಂದು, ಚಿಟ್ಟೆಯನ್ನು ಬೆರಳಿಗೆ ಹತ್ತಿಸಿಕೊಂಡು ಹೋದಳು.

*

ಅಂಗಳದಲ್ಲಿ ಯಾರೋ ಶ್ರೀವಿದ್ಯಾಳ ಸೆರಗು ಜಗ್ಗಿದರು. ಅವಳ ತರಗತಿಯ ಅಕ್ಷಿತಾ.

"ಟೀಚರ್, ಗೂಡ್ ಹರ್ದದ್ ನಾನ್."

ಶ್ರೀವಿದ್ಯಾ ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. "ಎಂತಕೆ ಮಗಾ?"

"ಅದ್ ಒಳಗೇ ಅಲ್ಲಾಡ್ತಾ ಇದ್ದಿತ್. ಹೊರಗ್ ಬಪ್ಕ್ ಆತಿಲ್ಲ ಅಂದೇಳಿ ಮಾಡ್ದೆ. ಸೀತಕ್ಕ ಕಂಡ್ರ್. ಬೈಲಿಲ್ಲ. ಇನ್ನ್ ಇದನ್ನ ಸಾಕುದ್ ನಮ್ಮಿಬ್ರ್ ಕೆಲ್ಸ ಅಂದ್ರ್. ದಿನಾ ಅಡ್ಗಿ ಕೋಣಿಯಗೆ ನನ್ ಕೈಯಗೇ ಸಕ್ರಿ ನೀರ್ ಕುಡ್ಸಿದ್ರ್. ಆರ್ ದಿನ ಬದ್ಕಿತ್ತ್." ಹುಡುಗಿ ಅವಳ ಸೆರಗು ಬಿಡಲಿಲ್ಲ. "ಸೀತಕ್ಕ ಬೈಸ್ಕಂಡದ್ ನನ್ನಿಂದ ಅಲ್ದಾ?"

ನಾಳೆ ಮಾತಾಡಿಸಿದರಾಯಿತು, ನಾಳೆ ಮಾತಾಡಿಸಿದರಾಯಿತು ಎಂದುಕೊಂಡೇ ಶ್ರೀವಿದ್ಯಾ ಎರಡು ವಾರ ಕಳೆದಿದ್ದಳು.

"ಅಲ್ಲ ಮಗಾ," ಎಂದಳು. "ಬೈದದ್ ನಾನ್."

"ಹೊತ್ತಾಯ್ತ್. ಕಡೀ ಸಲ ಮುಖ ಕಾಂಬವ್ರ್ ಬನ್ನಿ," ಎಂದ ಸೀತುವಿನ ತಮ್ಮ ಭೋಜರಾಜ.

ಯಾರೂ ಹೇಳದೆಯೇ ಮಕ್ಕಳು ಚಪ್ಪಲಿ ಬಿಟ್ಟು ಸಾಲಾದರು. ಮಧ್ಯಾಹ್ನದ ಊಟಕ್ಕೆ ನಿಲ್ಲುವ ಹಾಗೆಯೇ, ಚಿಕ್ಕವರು ಮುಂದೆ, ದೊಡ್ಡವರು ಹಿಂದೆ. ಇಂದು ಯಾರೂ ಯಾರನ್ನೂ ತಳ್ಳಲಿಲ್ಲ. ಅಕ್ಷಿತಾ ಮಾತ್ರ ತನ್ನ ಜಾಗ ಬಿಟ್ಟು ಕಟ್ಟಕಡೆಗೆ ಹೋಗಿ ನಿಂತಳು. ಶ್ರೀವಿದ್ಯಾ ಚಪ್ಪಲಿ ಬಿಟ್ಟು ಅವಳ ಹಿಂದೆ ನಿಂತಳು.